ಬಾಟುಲಿಸಂ: ಒಣಗಿದ ಬಾಯಿ, ಜೋತ ರೆಪ್ಪೆ

ಮಂಡ್ಯದಲ್ಲಿ ವೈದ್ಯಕೀಯ ಓದುವವರಿಗೆ, ನರಗಳು ಸ್ನಾಯು ಮತ್ತು ಗ್ರಂಥಿಗಳಿಗೆ ಸಂದೇಶ ಮುಟ್ಟಿಸಲು ಬಳಸುವ ರಾಸಾಯನಿಕವಾದ ಅಸೆಟೈಲ್‌ಕೋಲಿನ್ ಎಂದೊಡನೆ ನೆನಪಾಗುವುದು ಗದ್ದೆಗೆ ಹೊಡೆಯುವ ಕೀಟನಾಶಕ ಕುಡಿದು ಬಂದ ರೋಗಿ: ಬಾಯಿತುಂಬ ಜೊಲ್ಲು, ಮೈತುಂಬ ಬೆವರು, ಸೂಜಿಮೊನೆಯಷ್ಟು ಕಿರಿದಾದ ಪಾಪೆ. ಅದು ಅಸೆಟೈಲ್‌ಕೋಲಿನ್ ಅತಿಯಾದ ಸ್ಥಿತಿ; ಆಹಾರದಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ಬಾಟುಲಿಸಂ ಇದರ ತದ್ವಿರುದ್ಧ ಎಂದು ಬರೆದುಕೊಂಡು ನಾನು ಮುಂದೆ ಹೋದೆ, ಎಡವಿದ್ದು ಅಲ್ಲಿಯೇ. ಏಕೆಂದರೆ ಕೀಟನಾಶಕದ ವಿಷಕ್ಕೆ ಮದ್ದಾಗಿ ಕೊಡುವ ಅಟ್ರೋಪಿನ್ ಪಡೆದ ರೋಗಿಯ ಬಾಯಿಯೂ ಒಣಗುತ್ತದೆ, ಪಾಪೆಯೂ ಹಿಗ್ಗುತ್ತದೆ.

ಬೇರ್ಪಡಿಸುವ ಗೆರೆ ಇರುವುದು ಸ್ನಾಯುವಿನಲ್ಲಿ. ಅಸೆಟೈಲ್‌ಕೋಲಿನ್‌ನ ಸಂದೇಶ ಹಿಡಿಯುವ ಗ್ರಾಹಕಗಳಲ್ಲಿ ಎರಡು ಬಗೆ, ಮಸ್ಕರಿನಿಕ್ ಮತ್ತು ನಿಕೋಟಿನಿಕ್; ಅಟ್ರೋಪಿನ್ ಗ್ರಂಥಿ, ಪಾಪೆಗಳಲ್ಲಿರುವ ಮಸ್ಕರಿನಿಕ್ ಗ್ರಾಹಕಗಳನ್ನು ಮಾತ್ರ ತಡೆಯುತ್ತದೆ. ಅಸ್ಥಿಸ್ನಾಯುಗಳ ಗ್ರಾಹಕಗಳು ನಿಕೋಟಿನಿಕ್ ಆದ್ದರಿಂದ ಆ ಸ್ನಾಯುಗಳು ದುರ್ಬಲಗೊಳ್ಳುವುದಿಲ್ಲ. ಬಾಟುಲಿನಮ್ ವಿಷವಾದರೋ ಗ್ರಾಹಕದವರೆಗೆ ಬರುವುದೇ ಇಲ್ಲ: ನರದ ತುದಿಯೊಳಗೆ ಹೊಕ್ಕು, ಎ ಮತ್ತು ಇ ಬಗೆಗಳು ಸ್ನ್ಯಾಪ್-25 ಎಂಬ ಪ್ರೋಟೀನನ್ನೂ ಬಿ ಬಗೆಯು ಸಿನಾಪ್ಟೊಬ್ರೆವಿನ್ ಅನ್ನೂ ಕತ್ತರಿಸಿ, ಅಸೆಟೈಲ್‌ಕೋಲಿನ್ ಹೊರಬರದಂತೆ ಮಾಡುತ್ತದೆ. ಹೀಗಾಗಿ ಗ್ರಂಥಿ, ಸ್ನಾಯು ಎರಡೂ ಸೊರಗುತ್ತವೆ. ಬಾಯಿ ಒಣಗಿದೆಯೇ ಎಂದು ಕೇಳಿದರೆ ಸಾಲದು; ರೆಪ್ಪೆ ಎತ್ತಿಸಿ, ಎಂಜಲು ನುಂಗಿಸಿ ನೋಡಬೇಕು. ಒಂದು ಎಚ್ಚರಿಕೆಯೂ ಇದೆ: ಕೀಟನಾಶಕ ಕುಡಿದ ಒಂದರಿಂದ ನಾಲ್ಕು ದಿನಗಳಲ್ಲಿ ಕತ್ತು, ಮುಖ, ಉಸಿರಿನ ಸ್ನಾಯುಗಳು ಸೋಲುವ ಮಧ್ಯಂತರ ಲಕ್ಷಣಕೂಟವು, ಅಟ್ರೋಪಿನ್ ಕೂಡ ಸೇರಿಕೊಂಡಾಗ, ಥೇಟ್ ಬಾಟುಲಿಸಂನಂತೆಯೇ ಕಾಣಬಹುದು. ಅಲ್ಲಿ ಮೊದಲಿಗೆ ಜೊಲ್ಲು, ಬೆವರು ಇತ್ತೇ ಎಂಬ ಪ್ರಶ್ನೆಯೇ ದಾರಿ ತೋರುತ್ತದೆ.

ಉಳಿದದ್ದು ಸುಲಭ. ಎರಡೆರಡಾಗಿ ಕಾಣುವುದು, ತೊದಲು, ನುಂಗಲಾಗದಿರುವುದು, ನಂತರ ಕತ್ತು, ತೋಳು, ಉಸಿರು. ದೌರ್ಬಲ್ಯವು ಎರಡೂ ಪಕ್ಕ ಸಮವಾಗಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಸಾಮಾನ್ಯವಾಗಿ ಜ್ವರವಿರುವುದಿಲ್ಲ, ಸ್ಪರ್ಶಜ್ಞಾನ ಸರಿಯಿರುತ್ತದೆ. ಭಾವವಿಲ್ಲದ ಆ ಮುಖದ ಹಿಂದೆ ಪ್ರಜ್ಞೆಯೂ ಪೂರ್ತಿ ಎಚ್ಚರವಾಗಿರುತ್ತದೆ. ಕಟ್ಟುಹಾವು ಕಚ್ಚಿದಾಗಲೂ ದೌರ್ಬಲ್ಯ ಹೀಗೆಯೇ ಇಳಿಯುವುದರಿಂದ, ಕಚ್ಚಿದ ಗುರುತು ಸಿಗದಿದ್ದರೂ ರಾತ್ರಿ ನೆಲದ ಮೇಲೆ ಮಲಗಿದ್ದರೇ ಎಂದು ಕೇಳಬೇಕು. ಆಹಾರದ ವಿಚಾರಣೆಯಲ್ಲಿ, ಸಾಮಾನ್ಯವಾಗಿ 12ರಿಂದ 36 ಗಂಟೆ ಹಿಂದೆ ತಿಂದ, ಗಾಳಿಯಾಡದಂತೆ ಮುಚ್ಚಿಟ್ಟಿದ್ದ ಹುಳಿಯಿಲ್ಲದ ಪದಾರ್ಥವನ್ನು ಹುಡುಕಬೇಕು, ಪಿಎಚ್ 4.6ಕ್ಕಿಂತ ಕಡಿಮೆಯಿರುವ ಉಪ್ಪಿನಕಾಯಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಚಿಕಿತ್ಸೆಯಲ್ಲಿ ನನ್ನನ್ನು ಕಾಡಿದ್ದು ಪ್ರತಿವಿಷ ಕೊಟ್ಟ ಮರುದಿನವೂ ರೆಪ್ಪೆ ಏಕೆ ಏಳುವುದಿಲ್ಲ ಎಂಬುದು. ಅದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯುತ್ತದೆ, ನರದೊಳಗೆ ಸೇರಿದ್ದನ್ನಲ್ಲ. ನರದ ತುದಿಗಳು ಮತ್ತೆ ಚಿಗುರಿ ಚೇತರಿಸಲು ವಾರಗಳು, ತಿಂಗಳುಗಳು ಬೇಕು. ಆದ್ದರಿಂದಲೇ ಸೀರಂ ಮಾದರಿಯನ್ನು ಮೊದಲು ತೆಗೆದಿಟ್ಟು, ಫಲಿತಾಂಶಕ್ಕೆ ಕಾಯದೆ, ಶಂಕೆ ಬಲವಾದೊಡನೆ ಪ್ರತಿವಿಷ ಕೊಡಬೇಕು. ಆಮ್ಲಜನಕದ ಅಂಕಿ ಇಳಿಯುವವರೆಗೆ ಸುಮ್ಮನಿರದೆ ಶ್ವಾಸಧಾರಣ ಸಾಮರ್ಥ್ಯವನ್ನು (ಆಳವಾಗಿ ಉಸಿರೆಳೆದು ಹೊರಬಿಡಬಲ್ಲ ಗಾಳಿಯ ಪ್ರಮಾಣ) ಮತ್ತೆ ಮತ್ತೆ ಅಳೆದು, ಅದು ಕುಸಿಯುತ್ತಿದ್ದರೆ ವೆಂಟಿಲೇಟರಿಗೆ ಹಾಕಬೇಕು. ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡಬಾರದು, ಅದು ನರ-ಸ್ನಾಯು ತಡೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.