ಬೋಪಣ್ಣ ಮತ್ತು ಒಲಿಂಪಿಕ್ಸ್: ಗಂಟು ಬಿದ್ದದ್ದು ಎಲ್ಲಿ?

ರೋಹನ್ ಬೋಪಣ್ಣ 2025ರ ನವೆಂಬರ್ 1ರಂದು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಕೊಡಗಿನಲ್ಲಿ ಅವರ ಮಾತು ಬಂದರೆ ಗ್ರ್ಯಾನ್‌ಸ್ಲಾಮ್, ನಂಬರ್ 1 ಪಟ್ಟ, ಪದ್ಮಶ್ರೀ ಎಲ್ಲ ಆದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಒಲಿಂಪಿಕ್ಸ್ ಪದಕ ಯಾಕೆ ಬರಲಿಲ್ಲ? ಉತ್ತರ ಹೇಳುವವರು 2012ರ ಜಗಳವನ್ನು 2016ಕ್ಕೂ, 2016ರದ್ದನ್ನು 2021ಕ್ಕೂ ಬೆರೆಸಿಬಿಡುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಸಲದ ತೊಡಕೂ ಬೇರೆ.

ಕೊಡಗು ಹಾಕಿಯ ನಾಡು. ಬೋಪಣ್ಣ 11ನೇ ವಯಸ್ಸಿನಲ್ಲಿ ಟೆನಿಸ್ ಹಿಡಿದಾಗ ಇಲ್ಲಿ ಈ ಆಟಕ್ಕೆ ಹೇಳಿಕೊಳ್ಳುವಂಥ ಅನುಕೂಲ ಇರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಹೊರಗಿನ ಅಂಕಣ ತಿಂಗಳುಗಟ್ಟಲೆ ಒಣಗುವುದಿಲ್ಲ. ಅಂಕಣದಲ್ಲಿ ಬಿರುಕು, ಓಟಕ್ಕೆ ಕಾಫಿ ತೋಟ, ಸರ್ವ್‌ಗೆ ಬಲ ಬರಲು ಸೌದೆ ಸೀಳುವ ಕೆಲಸ. ಇದನ್ನು ಅವರೇ ವಿದಾಯದ ಮಾತಿನಲ್ಲಿ ನೆನೆದಿದ್ದಾರೆ. ಸೌದೆಯ ಮಾತು ಬರೀ ಅಲಂಕಾರವಲ್ಲ. ಕೊಡಲಿ ಬೀಸುವಾಗ ಮೊದಲು ಕಾಲು ನೆಲಕ್ಕೆ ಒತ್ತುತ್ತದೆ, ಆಮೇಲೆ ಸೊಂಟ, ಬೆನ್ನು, ಭುಜ, ಕಟ್ಟಕಡೆಗೆ ಮಣಿಕಟ್ಟು. ಸರ್ವ್‌ನಲ್ಲೂ ಬಲ ಏರುವುದು ಇದೇ ಕ್ರಮದಲ್ಲಿ. ಕಾಲು, ಸೊಂಟ ಬಿಟ್ಟು ತೋಳಿನಿಂದಲೇ ಹೊಡೆದರೆ ಚೆಂಡಿಗೆ ವೇಗ ಬರುವುದಿಲ್ಲ, ಭುಜಕ್ಕೆ ನೋವು ಬರುತ್ತದೆ.

2002ರಲ್ಲಿ ದೇಶಗಳ ನಡುವಿನ ತಂಡ ಟೂರ್ನಿಯಾದ ಡೇವಿಸ್ ಕಪ್‌ಗೆ ಪದಾರ್ಪಣೆ, 2003ರಲ್ಲಿ ವೃತ್ತಿಪರ ಆಟ. ಸಿಂಗಲ್ಸ್‌ನಲ್ಲಿ 2007ರಲ್ಲಿ ತಲುಪಿದ 213ನೇ ರ‍್ಯಾಂಕಿಂಗ್ ದಾಟಿ ಮೇಲೇರಲಾಗಲಿಲ್ಲ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ಆಡಿದ ಮೇಲೆ ದಾರಿ ಖಚಿತವಾಯಿತು: ಡಬಲ್ಸ್.

ಡಬಲ್ಸ್‌ನಲ್ಲಿ ಜೋಡಿ ಕೂಡಿಬರಲು ಸಮಯ ಬೇಕು. ಎಡ ಅಂಕಣ ಯಾರಿಗೆ, ಬಲ ಯಾರಿಗೆ ಎಂಬುದರಿಂದ ಲೆಕ್ಕ ಶುರುವಾಗುತ್ತದೆ. ಸರ್ವ್ ಮಾಡುವವನಿಗೆ ನೆಟ್ ಬಳಿಯ ಜೊತೆಗಾರ ಬೆನ್ನ ಹಿಂದೆ ಬೆರಳಿನಲ್ಲಿ ಸನ್ನೆ ಮಾಡುತ್ತಾನೆ: ಸರ್ವ್ ಎತ್ತ ಹಾಕಬೇಕು, ತಾನು ಅಡ್ಡ ನುಗ್ಗುತ್ತೇನೋ ನಿಂತಲ್ಲೇ ನಿಲ್ಲುತ್ತೇನೋ. ಅರ್ಧ ಸೆಕೆಂಡ್ ಮೊದಲೇ ನುಗ್ಗಿದರೆ ಎದುರಾಳಿ ಖಾಲಿ ಬಿಟ್ಟ ಬದಿಗೆ ಹೊಡೆಯುತ್ತಾನೆ, ತಡವಾದರೆ ಚೆಂಡು ದಾಟಿ ಹೋಗಿರುತ್ತದೆ. ಇಬ್ಬರ ನಡುವೆ ಬಿದ್ದ ಚೆಂಡು ಯಾರದು ಎಂಬುದು ಕೂಗಿ ಹೇಳದೆ ತಿಳಿಯಬೇಕು. ಇದು ವಾರಗಟ್ಟಲೆ ಒಟ್ಟಿಗೆ ಟೂರ್ನಿ ಆಡಿ, ಸೋತು, ಕಲಿಯುವ ವಿಷಯ.

ಒಲಿಂಪಿಕ್ಸ್ ನಿಯಮ ಕೇಳುವುದು ಬೇರೆಯದನ್ನೇ. ಡಬಲ್ಸ್‌ನಲ್ಲಿ 32 ಜೋಡಿಗಳಿಗೆ ಜಾಗ, ಒಂದು ದೇಶಕ್ಕೆ ಹೆಚ್ಚೆಂದರೆ ಎರಡು. ಫ್ರೆಂಚ್ ಓಪನ್ ಮುಗಿದ ಮರುದಿನ, ಜೂನ್‌ನ ಆ ಸೋಮವಾರದ ರ‍್ಯಾಂಕಿಂಗ್ ಪಟ್ಟಿಯೇ ಆಧಾರ. ಡಬಲ್ಸ್‌ನ ಮೊದಲ ಹತ್ತರಲ್ಲಿ ಇರುವವರಿಗೆ ನೇರ ಪ್ರವೇಶ. ರ‍್ಯಾಂಕಿಂಗ್ ಮಿತಿಯೊಳಗಿನ ದೇಶಬಾಂಧವನೊಬ್ಬನನ್ನು ಜೊತೆಗೆ ಕರೆತರಬಹುದು. ಉಳಿದವರಿಗೆ ಇಬ್ಬರ ರ‍್ಯಾಂಕಿಂಗ್ ಕೂಡಿಸಿದ ಮೊತ್ತವೇ ಗತಿ. ಹೆಸರು ಕಳಿಸುವ ಅಧಿಕಾರ ಮಾತ್ರ ರಾಷ್ಟ್ರೀಯ ಟೆನಿಸ್ ಸಂಸ್ಥೆಯದು. ವರ್ಷವಿಡೀ ಆಟಗಾರ ತಾನೇ ಜೊತೆಗಾರನನ್ನು ಆರಿಸುತ್ತಾನೆ, ನಾಲ್ಕು ವರ್ಷಕ್ಕೊಮ್ಮೆ ಆ ಆಯ್ಕೆ ಬೇರೆಯವರ ಮೇಜಿಗೆ ಹೋಗುತ್ತದೆ. ಗಂಟು ಬೀಳುವುದು ಅಲ್ಲೇ.

2012ರಲ್ಲಿ ಭಾರತದವರ ಪೈಕಿ ಮೊದಲ ಹತ್ತರಲ್ಲಿ ಇದ್ದದ್ದು ಲಿಯಾಂಡರ್ ಪೇಸ್ ಒಬ್ಬರೇ. ಸಂಸ್ಥೆ ಮೊದಲು ಪೇಸ್–ಮಹೇಶ್ ಭೂಪತಿ ಎಂದಿತು, ಭೂಪತಿ ಒಪ್ಪಲಿಲ್ಲ. ಆಮೇಲೆ ಪೇಸ್–ಬೋಪಣ್ಣ ಎಂದಿತು, ಬೋಪಣ್ಣ ಒಪ್ಪಲಿಲ್ಲ. ಭೂಪತಿ, ಬೋಪಣ್ಣ ಒಲಿಂಪಿಕ್ಸ್ ಕಣ್ಣಮುಂದಿಟ್ಟುಕೊಂಡೇ ಆ ವರ್ಷ ಜೋಡಿಯಾಗಿ ಆಡುತ್ತಿದ್ದರು. ಕೊನೆಗೆ ಎರಡು ಜೋಡಿ ಹೋದವು: ಇವರಿಬ್ಬರದೊಂದು, ಪೇಸ್–ವಿಷ್ಣುವರ್ಧನ್ ಇನ್ನೊಂದು. ಎರಡೂ ಎರಡನೇ ಸುತ್ತಿನಲ್ಲಿ ಮುಗಿದವು. ಊರಿಗೆ ಬಂದ ಮೇಲೆ ಭೂಪತಿ, ಬೋಪಣ್ಣ ಇಬ್ಬರನ್ನೂ ಸುಮಾರು ಎರಡು ವರ್ಷ ಭಾರತ ತಂಡದಿಂದ ಹೊರಗಿಡುವ ತೀರ್ಮಾನವಾಯಿತು. ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆದರೆ 2014ರಲ್ಲಿ ಬೆಂಗಳೂರಿನಲ್ಲಿ ಡೇವಿಸ್ ಕಪ್‌ನಲ್ಲಿ ಸರ್ಬಿಯಾ ವಿರುದ್ಧ ಇದೇ ಪೇಸ್–ಬೋಪಣ್ಣ ಎರಡು ಸೆಟ್ ಸೋತ ಮೇಲೂ ಎದ್ದು ಬಂದು ಐದನೇ ಸೆಟ್ ಅನ್ನು 8–6ರಲ್ಲಿ ಗೆದ್ದರು. ಇಬ್ಬರೂ ಸೇರಿ ಆಡಲಾರರು ಎನ್ನುವವರು ಈ ಪಂದ್ಯ ನೆನಪಿಡಬೇಕು.

2016ರ ಹೊತ್ತಿಗೆ ಪಾತ್ರ ಅದಲುಬದಲು. ಆ ಸೋಮವಾರ ಬೋಪಣ್ಣ ಸರಿಯಾಗಿ 10ನೇ ಸ್ಥಾನದಲ್ಲಿದ್ದರು. ಅವರು ಬಯಸಿದ್ದು ಬಿರುಸಿನ ಸರ್ವ್‌ನ ಸಾಕೇತ್ ಮೈನೇನಿಯನ್ನು, ಸಂಸ್ಥೆ ಕೊಟ್ಟದ್ದು ಪೇಸ್ ಅವರನ್ನು. ರಿಯೊದಲ್ಲಿ ಮೊದಲ ಸುತ್ತಿನಲ್ಲೇ ಪೋಲೆಂಡ್ ಜೋಡಿಗೆ ನೇರ ಸೆಟ್‌ಗಳ ಸೋಲು. ಪದಕ ಅತಿ ಹತ್ತಿರ ಬಂದದ್ದೂ ಅಲ್ಲೇ, ಆದರೆ ಮಿಶ್ರ ಡಬಲ್ಸ್‌ನಲ್ಲಿ. ಸಾನಿಯಾ ಮಿರ್ಜಾ ಜೊತೆ ಸೆಮಿಫೈನಲ್‌ನಲ್ಲಿ ಮೊದಲ ಸೆಟ್ 6–2ಕ್ಕೆ ಗೆದ್ದು, ಎರಡನೆಯದು ಹೋಗಿ, ಮೂರನೇ ಸೆಟ್‌ನ ಬದಲಿನ ಹತ್ತು ಅಂಕದ ಟೈಬ್ರೇಕ್‌ನಲ್ಲಿ 3–10ಕ್ಕೆ ಸೋತರು. ಕಂಚಿನ ಪಂದ್ಯವೂ ಕೈಕೊಟ್ಟಿತು. ನಾಲ್ಕನೇ ಸ್ಥಾನ. ಮರುವರ್ಷ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಅಂಥದೇ ಟೈಬ್ರೇಕ್ ಬಂತು. ಎದುರಾಳಿಗಳಿಗೆ ಸಿಕ್ಕಿದ್ದ ಎರಡು ಮ್ಯಾಚ್ ಪಾಯಿಂಟ್ (ಗೆದ್ದರೆ ಪಂದ್ಯವೇ ಮುಗಿಯುವ ಅಂಕ) ತಪ್ಪಿಸಿ 12–10ಕ್ಕೆ ಗೆದ್ದರು.

2021ರ ಟೋಕಿಯೊದ್ದು ಜಗಳಕ್ಕಿಂತ ಗೊಂದಲ. ದಿವಿಜ್ ಶರಣ್ ಜೊತೆ ಕೂಡಿದ ರ‍್ಯಾಂಕಿಂಗ್ ಸಾಲಲಿಲ್ಲ. ಕೊನೇ ಗಳಿಗೆಯಲ್ಲಿ ಸುಮಿತ್ ನಾಗಲ್‌ಗೆ ಸಿಂಗಲ್ಸ್ ಪ್ರವೇಶ ಸಿಕ್ಕಿತು. ಡಬಲ್ಸ್‌ನ ಉಳಿದ ಜಾಗ ತುಂಬುವಾಗ ಸಿಂಗಲ್ಸ್‌ಗೆ ಬಂದವರಿಗೆ ಆದ್ಯತೆ ಇರುವುದರಿಂದ, ನಾಗಲ್–ಬೋಪಣ್ಣ ಜೋಡಿ ಮಾಡುವ ಪ್ರಯತ್ನ ನಡೆಯಿತು. ಗಡುವು ಮುಗಿದಿದೆ ಎಂದು ಅಂತರರಾಷ್ಟ್ರೀಯ ಒಕ್ಕೂಟ ಹೇಳಿತು. ಇಂಥ ಸಾಧ್ಯತೆಯನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಬಹುದಿತ್ತು ಎಂಬುದು ಈಗಲೂ ಚುಚ್ಚುವ ಮಾತು.

ಆಗ ಅವರಿಗೆ 41. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಯೋಗ ಅವರನ್ನು ಅಂಕಣದಲ್ಲಿ ಉಳಿಸಿತು. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆಯಾದರು. ಇಡೀ ಋತು ಒಟ್ಟಿಗೆ ಆಡಿ, ಆ ವರ್ಷ ಅಮೆರಿಕ ಓಪನ್ ಫೈನಲ್ ಸೋತು, 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಅನ್ನು 7–6, 7–5ಕ್ಕೆ ಗೆದ್ದರು. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ. ಎರಡು ದಿನ ಕಳೆದ ಮೇಲೆ ಡಬಲ್ಸ್ ನಂಬರ್ 1 ಆದರು.

ಆ ಜೂನ್‌ನಲ್ಲಿ 4ನೇ ಸ್ಥಾನ. ಈ ಸಲ ಜೊತೆಗಾರ ಅವರ ಇಷ್ಟದವರೇ ಆದರು: ಎನ್. ಶ್ರೀರಾಮ್ ಬಾಲಾಜಿ. ಆದರೆ ವರ್ಷವಿಡೀ ಬೋಪಣ್ಣ ಆಡಿದ್ದು ಎಬ್ಡನ್ ಜೊತೆ, ಎಬ್ಡನ್ ಆಸ್ಟ್ರೇಲಿಯಾದವರು. ಬಾಲಾಜಿ ಜೊತೆ ಆ ಬೆರಳ ಸನ್ನೆ ಪಳಗಲು ಕೆಲವೇ ವಾರ. ಪ್ಯಾರಿಸ್‌ನ ಮೊದಲ ಸುತ್ತಿನಲ್ಲಿ ಫ್ರಾನ್ಸ್‌ನ ಮೊನ್‌ಫಿಸ್–ರೋಜರ್ ವಸ್ಸೆಲಿನ್ ಎದುರು 5–7, 2–6. ಭಾರತದ ಪರ ಇದೇ ಕೊನೆಯ ಪಂದ್ಯ ಎಂದು ಬೋಪಣ್ಣ ಅಲ್ಲೇ ಹೇಳಿದರು. ಅದೇ ಪಂದ್ಯದ ಎದುರಾಳಿಗಳಲ್ಲಿ ಮೊನ್‌ಫಿಸ್ ಕೂಡ ಗಾಯಗೊಂಡವರೊಬ್ಬರ ಬದಲಿಗೆ ಕೊನೇ ಗಳಿಗೆಯಲ್ಲಿ ಬಂದವರು.