ಥಾಯ್ಲೆಂಡ್‌ನಲ್ಲಿ ಅದೆಲ್ಲ ಲೀಗಲ್ ಅಲ್ವಾ?

ಪ್ರಶ್ನೆ: ಗೊಬ್ಬರದ ಕಂಪನಿಯೊಂದು ಟಾರ್ಗೆಟ್ ಮುಗಿಸಿದ ಡೀಲರುಗಳನ್ನೆಲ್ಲ ಬ್ಯಾಂಕಾಕ್, ಪಟ್ಟಾಯಾ ಟೂರಿಗೆ ಕರೆದುಕೊಂಡು ಹೋಗುತ್ತಿದೆ. ನಾನೂ ಹೊರಟಿದ್ದೇನೆ. ನಮ್ಮ ಗುಂಪಿನಲ್ಲಿ ಕೆಲವರು, ‘ಅಲ್ಲಿ ಹುಡುಗಿಯರ ವಿಷಯ ಎಲ್ಲಾ ಲೀಗಲ್, ಪೊಲೀಸರು ಕೇಳಲ್ಲ, ನಮ್ಮ ದೇಶದ ಕಾನೂನು ಅಲ್ಲಿಗೆ ಬರಲ್ಲ’ ಅಂತಿದ್ದಾರೆ. ನಿಜವೇ? ಹೊರಡುವ ಮುಂಚೆ ಬೇರೆ ಏನೇನು ನೋಡಿಕೊಳ್ಳಬೇಕು?
(ಸಕಲೇಶಪುರದ ಕಡೆಯ ಓದುಗರು)

ಉತ್ತರ: ನಿಜ ಅಲ್ಲ. ಮೂರಕ್ಕೆ ಮೂರೂ ಸುಳ್ಳು.

ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕಮಗಳೂರಿನಲ್ಲಿ ಟಿಕೆಟ್, ವೀಸಾ, ಪಾಸ್‌ಪೋರ್ಟ್ ಅರ್ಜಿ ಮಾಡಿಕೊಡುವುದು ನನ್ನ ಕೆಲಸ. ಎದುರಿಗೆ ಕೂತು ಕೇಳುವವರು ಆಚೀಚೆ ನೋಡಿ ಮೆಲ್ಲಗೆ ಕೇಳುತ್ತಾರೆ. ಬರೆದು ಕೇಳುವವರು ಹೆಸರು ಹಾಕುವುದಿಲ್ಲ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಮುಂದಿನ ವರ್ಷ ಇನ್ನೊಂದು ಗುಂಪು ಬಂದು ಅದೇ ‘ಲೀಗಲ್ ಅಲ್ವಾ ಸರ್’ ಅನ್ನುತ್ತದೆ. ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ‘ಲೀಗಲ್’ ವಿಷಯ. ಥಾಯ್ಲೆಂಡ್ 1960ರಲ್ಲೇ ವೇಶ್ಯಾವಾಟಿಕೆಯ ವಿರುದ್ಧ ಕಾನೂನು ಮಾಡಿತು. 1996ರಲ್ಲಿ ಅದನ್ನು ತೆಗೆದು ಹೊಸ ಕಾನೂನು ತಂದಿತು. ಗಿರಾಕಿ ಕರೆಯುವುದು, ಹುಡುಗಿಯರನ್ನು ಈ ಕೆಲಸಕ್ಕೆ ತರುವುದು, ಅಡ್ಡೆ ನಡೆಸುವುದು, ಆ ಉದ್ದೇಶಕ್ಕೆ ಅಂಥ ಅಡ್ಡೆಯಲ್ಲಿ ಸೇರುವುದು, ಇವೆಲ್ಲ ಆ ಕಾನೂನಿನಲ್ಲಿ ಅಪರಾಧ. ‘ಎಂಪವರ್’ ಅಂತ ಅಲ್ಲಿ ಒಂದು ಸಂಸ್ಥೆ ಇದೆ. ಈ ಕೆಲಸ ಮಾಡುವ ಹೆಂಗಸರ ಸಂಸ್ಥೆ. ನಮ್ಮನ್ನು ಅಪರಾಧಿಗಳ ಹಾಗೆ ನೋಡುವ ಈ ಕಾನೂನು ತೆಗೆಯಿರಿ ಅಂತ ಅವರು ಎಷ್ಟೋ ಕಾಲದಿಂದ ಕೇಳುತ್ತಿದ್ದಾರೆ. ಲೀಗಲ್ ಆಗಿದ್ದರೆ ಅವರು ಯಾಕೆ ಕೇಳಬೇಕಿತ್ತು?

‘ಹಾಗಾದರೆ ಬೀದಿ ತುಂಬಾ ಬಾರ್‌ಗಳು ಹೇಗಿವೆ?’ ಅಂತ ತಕ್ಷಣ ಕೇಳುತ್ತಾರೆ. ಬಾರ್‌ಗೆ, ಮಸಾಜ್ ಪಾರ್ಲರ್‌ಗೆ ಲೈಸೆನ್ಸ್ ಕೊಡಲು 1966ರ ಬೇರೆಯದೇ ಕಾನೂನಿದೆ. ಲೈಸೆನ್ಸ್ ಇರುವುದು ಕುಡಿಯಲು, ಕುಣಿಯಲು, ಮೈ ಒತ್ತಿಸಿಕೊಳ್ಳಲು. ಮರು ವರ್ಷ, 1967ರಲ್ಲಿ, ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರನ್ನು ವಿಶ್ರಾಂತಿಗೆ ಥಾಯ್ಲೆಂಡ್‌ಗೆ ಕಳಿಸುವ ಒಪ್ಪಂದವಾಯಿತು. ಮೀನು ಹಿಡಿಯುವವರ ಊರಾಗಿದ್ದ ಪಟ್ಟಾಯಾ, ಹತ್ತಿರದ ಉತಪಾವೊ ವಿಮಾನ ನೆಲೆಯ ಸೈನಿಕರು ಬರಲು ಶುರುವಾದ ಮೇಲೆ ಬದಲಾಯಿತು. ಯುದ್ಧ ಮುಗಿದು ಸೈನಿಕರು ಹೋದರು. ವ್ಯವಹಾರ ಹೋಗಲಿಲ್ಲ. ಅವರ ಜಾಗಕ್ಕೆ ಪ್ರವಾಸಿಗಳು ಬಂದರು. ಕಾನೂನು ಅದರ ಪಾಡಿಗೆ ಪುಸ್ತಕದಲ್ಲಿದೆ, ವ್ಯವಹಾರ ಅದರ ಪಾಡಿಗೆ ಬೀದಿಯಲ್ಲಿದೆ.

ಆ ಬಾರ್‌ಗಳಲ್ಲಿ ಬಿಲ್ ಮಾಡುವ ರೀತಿ ನೋಡಿದರೇ ಇದು ಅರ್ಥವಾಗುತ್ತದೆ. ಕೂತವರ ಮುಂದೆ ಒಂದು ಸಣ್ಣ ಲೋಟ ಇಡುತ್ತಾರೆ. ಏನು ತರಿಸಿದರೂ ಒಂದು ಚೀಟಿ ಸುತ್ತಿ ಅದರೊಳಗೆ ಹಾಕುತ್ತಾರೆ. ನಿಮ್ಮ ಬಿಯರ್‌ಗೆ ಒಂದು ಚೀಟಿ. ಪಕ್ಕ ಬಂದು ಕೂತ ಹುಡುಗಿಗೆ ಕೊಡಿಸಿದ ಲೋಟಕ್ಕೆ ಇನ್ನೊಂದು. ಅದಕ್ಕೆ ರೇಟು ಜಾಸ್ತಿ, ಯಾಕೆಂದರೆ ಅದರಲ್ಲಿ ಅವಳಿಗೂ ಒಂದು ಪಾಲು. ಅವಳನ್ನು ಹೊರಗೆ ಕರೆದುಕೊಂಡು ಹೋಗುವುದಾದರೆ ‘ಬಾರ್ ಫೈನ್’ ಅಂತ ಮತ್ತೊಂದು ಚೀಟಿ. ಲೆಕ್ಕಕ್ಕೆ ಅದು ಕೆಲಸದವಳೊಬ್ಬಳು ಹೊತ್ತಿಗೆ ಮುಂಚೆ ಎದ್ದು ಹೋದದ್ದಕ್ಕೆ ಬಾರ್ ಮಾಲೀಕನಿಗೆ ಕಟ್ಟುವ ನಷ್ಟ, ಅಷ್ಟೇ. ಮುಂದಿನದು ನಿಮ್ಮಿಬ್ಬರ ಖಾಸಗಿ ವಿಷಯ. ಲೋಟದಲ್ಲಿರುವ ಅಷ್ಟೂ ಚೀಟಿ ಬಿಚ್ಚಿ ನೋಡಿ, ನಿಜವಾಗಿ ಏನು ಮಾರಾಟವಾಯಿತು ಅಂತ ಒಂದರಲ್ಲೂ ಬರೆದಿರುವುದಿಲ್ಲ. ಲೀಗಲ್ ವ್ಯಾಪಾರಕ್ಕೆ ಇಷ್ಟೆಲ್ಲ ಸುತ್ತು ಬಳಸುವ ಅಗತ್ಯ ಇರುವುದಿಲ್ಲ.

ಎರಡನೆಯದು, ‘ಪೊಲೀಸರು ಕೇಳಲ್ಲ’. ಎಷ್ಟೋ ದಿನ ಕೇಳುವುದಿಲ್ಲ, ನಿಜ. ಕೇಳುವ ದಿನ ಯಾವುದು ಅಂತ ನಿಮಗೆ ಮೊದಲೇ ಹೇಳುವುದಿಲ್ಲ. ಅದರಲ್ಲೂ ವಯಸ್ಸಿನ ವಿಷಯಕ್ಕೆ ಬಂದರೆ ಆ ಕಾನೂನು ನೇರವಾಗಿ ಗಿರಾಕಿಯನ್ನೇ ಹಿಡಿಯುತ್ತದೆ. ಹುಡುಗಿ 15ರಿಂದ 18ರ ಒಳಗಿನವಳಾದರೆ ಗಿರಾಕಿಗೆ 1ರಿಂದ 3 ವರ್ಷ ಜೈಲು. 15ಕ್ಕಿಂತ ಚಿಕ್ಕವಳಾದರೆ 2ರಿಂದ 6 ವರ್ಷ. ದಂಡ ಬೇರೆ. ಅವಳು ಒಪ್ಪಿದ್ದಳು ಅನ್ನುವ ಮಾತನ್ನು ಈ ಕಾನೂನು ಕೇಳಿಸಿಕೊಳ್ಳುವುದೇ ಇಲ್ಲ. ಒಪ್ಪಿದರೂ ಒಂದೇ, ಒಪ್ಪದಿದ್ದರೂ ಒಂದೇ ಅಂತ ಅದರಲ್ಲೇ ಬರೆದಿದೆ. ‘ಇಪ್ಪತ್ತು ವರ್ಷ ಅಂತ ಅವಳೇ ಹೇಳಿದಳು’ ಅನ್ನುತ್ತಾರೆ ನಮ್ಮವರು. ಕತ್ತಲಲ್ಲಿ, ಬಣ್ಣದ ಲೈಟಿನ ಕೆಳಗೆ, ಮುಖಕ್ಕೆ ಮೇಕಪ್ ಹಚ್ಚಿಕೊಂಡ, ಭಾಷೆಯೇ ಗೊತ್ತಿಲ್ಲದ ಹುಡುಗಿಯ ವಯಸ್ಸು ನೀವು ಯಾವ ಆಧಾರದ ಮೇಲೆ ಹೇಳುತ್ತೀರಿ? ಸುಳ್ಳು ಗುರುತಿನ ಚೀಟಿ ಮಾಡಿಸಿಕೊಡುವುದು ಹುಡುಗಿಯರನ್ನು ಸಾಗಿಸುವವರಿಗೆ ದೊಡ್ಡ ಕೆಲಸವೇನಲ್ಲ.

ಮೂರನೆಯದೇ ಎಲ್ಲಕ್ಕಿಂತ ಗಟ್ಟಿ ಬೇರು ಬಿಟ್ಟ ಸುಳ್ಳು. ‘ವಿಮಾನ ಹತ್ತಿದ ಮೇಲೆ ನಮ್ಮ ಕಾನೂನು ಮುಗೀತು’ ಅನ್ನುವುದು. ಓದಿದವರು, ಕೋರ್ಟು ಕಚೇರಿ ಕಂಡವರು ಕೂಡ ಇದನ್ನು ಹೇಳುವುದು ಕೇಳಿದ್ದೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಮೊದಲನೇ ಸೆಕ್ಷನ್ ತೆಗೆದು ಓದಿ. ಭಾರತದ ಪ್ರಜೆ ದೇಶದ ಹೊರಗೆ ಎಲ್ಲಿ ಅಪರಾಧ ಮಾಡಿದರೂ ಈ ಕಾನೂನು ಅನ್ವಯಿಸುತ್ತದೆ ಅಂತ ಅದರಲ್ಲೇ ಇದೆ. ಪಕ್ಕದಲ್ಲಿ ಉದಾಹರಣೆಯೂ ಇದೆ: ಭಾರತದ ಪ್ರಜೆಯೊಬ್ಬ ಹೊರದೇಶದಲ್ಲಿ ಕೊಲೆ ಮಾಡಿದರೆ, ಭಾರತದಲ್ಲಿ ಅವನು ಎಲ್ಲಿ ಸಿಗುತ್ತಾನೋ ಅಲ್ಲೇ ವಿಚಾರಣೆ ಮಾಡಿ ಶಿಕ್ಷೆ ಕೊಡಬಹುದು. ಇದು ಹೊಸದೂ ಅಲ್ಲ. ಹಳೆಯ ದಂಡ ಸಂಹಿತೆಯ 4ನೇ ಸೆಕ್ಷನ್ ಹೇಳುತ್ತಿದ್ದದ್ದೂ ಇದನ್ನೇ. ಇಲ್ಲಿ ಮಾಡಿದ ಅಪರಾಧಕ್ಕೂ ಹೊರದೇಶದಲ್ಲಿ ಮಾಡಿದ್ದಕ್ಕೂ ಇರುವ ವ್ಯತ್ಯಾಸ, ವಿಚಾರಣೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಅಷ್ಟೇ. ಅಂದರೆ ಪಟ್ಟಾಯಾದಲ್ಲಿ ಮಾಡಿದ್ದಕ್ಕೆ ಹಾಸನದ ಕೋರ್ಟಿನಲ್ಲಿ ನಿಲ್ಲಬೇಕಾಗಬಹುದು.

ಯಾವ ಅಪರಾಧಕ್ಕೆ? ಅದೇ ಸಂಹಿತೆಯ 144ನೇ ಸೆಕ್ಷನ್. ಸಾಗಿಸಿ ತಂದ ವ್ಯಕ್ತಿ ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ, ಅವರನ್ನು ಲೈಂಗಿಕವಾಗಿ ಬಳಸಿಕೊಂಡವನಿಗೆ 3 ವರ್ಷಕ್ಕೆ ಕಡಿಮೆ ಇಲ್ಲದ ಕಠಿಣ ಜೈಲು. ಮಕ್ಕಳಾದರೆ 5 ವರ್ಷಕ್ಕೆ ಕಡಿಮೆ ಇಲ್ಲ. ‘ನಂಬಲು ಕಾರಣ’ ಅನ್ನುವುದನ್ನು ಎರಡು ಸಲ ಓದಿ. ಕಣ್ಣು ಮುಚ್ಚಿಕೊಂಡಿದ್ದೆ ಅಂದರೆ ಬಿಡುವುದಿಲ್ಲ.

ಆ ಕಾರಣಗಳು ಕಣ್ಣಿಗೆ ಬೀಳುವಂಥವೇ. ಥಾಯ್ಲೆಂಡ್‌ನ ಈಶಾನ್ಯದ ಬಡ ಊರುಗಳಿಂದ, ಮ್ಯಾನ್ಮಾರ್, ಲಾವೋಸ್, ಕಾಂಬೋಡಿಯಾದಿಂದ ಹುಡುಗಿಯರು ಬರುತ್ತಾರೆ. ಎಷ್ಟೋ ಜನರಿಗೆ ಹೋಟೆಲ್ ಕೆಲಸ, ಮನೆಗೆಲಸ ಅಂತ ಹೇಳಿರುತ್ತಾರೆ. ಬಂದ ಖರ್ಚೆಲ್ಲ ಅವಳ ಹೆಸರಿಗೆ ಸಾಲ. ಊಟ, ಬಟ್ಟೆ, ರೂಮು ಎಲ್ಲ ಆ ಸಾಲಕ್ಕೇ ಸೇರುತ್ತದೆ. ಪಾಸ್‌ಪೋರ್ಟ್ ಇನ್ಯಾರದೋ ಕೈಯಲ್ಲಿ. ಪೊಲೀಸರ ಹತ್ತಿರ ಹೋದರೆ ಮೊದಲು ಹೊರಗೆ ಹಾಕುವುದು ಅವಳನ್ನೇ ಅಂತ ಹೆದರಿಸಿರುತ್ತಾರೆ. ಯಾರೋ ಕಾವಲಿಗೆ ನಿಂತಿದ್ದರೆ, ದುಡ್ಡು ಅವಳ ಕೈಗೆ ಹೋಗದೆ ಬೇರೆಯವರ ಕೈಗೆ ಹೋಗುತ್ತಿದ್ದರೆ, ಒಂದು ಮಾತಿಗೂ ಅವಳು ಇನ್ನೊಬ್ಬರ ಮುಖ ನೋಡುತ್ತಿದ್ದರೆ, ಮತ್ತೇನು ಬೇಕು? ತಾವೇ ಆರಿಸಿಕೊಂಡು ಈ ಕೆಲಸ ಮಾಡುವ ದೊಡ್ಡ ಹೆಂಗಸರೂ ಇದ್ದಾರೆ. ಅವರ ಬಗ್ಗೆ ಕೆಟ್ಟ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಇವಳು ಅವರಲ್ಲೊಬ್ಬಳೋ ಸಾಲಕ್ಕೆ ಸಿಕ್ಕಿಬಿದ್ದವಳೋ ಅಂತ ನಾಲ್ಕು ದಿನದ ಟೂರಿಗೆ ಹೋದವನಿಗೆ ತಿಳಿಯುವ ದಾರಿಯೇ ಇಲ್ಲ. ನನ್ನ ಹತ್ತಿರ ಕೇಳುವವರಿಗೆ ‘ಹೋಗಬೇಡಿ’ ಅಂತ ನಾನು ಹೇಳುವುದು ಇದಕ್ಕೇ. ಜೈಲಿನ ಮಾತು ಆಮೇಲಿನದು.

ಬೇರೆ ದೇಶದ ಕಥೆ ಕೇಳುವವರಿಗೆ ಎರಡೇ ಮಾತು. ನೆದರ್ಲೆಂಡ್ಸ್‌ನಲ್ಲಿ 2000ದಿಂದ ಲೈಸೆನ್ಸ್ ಪದ್ಧತಿಯಲ್ಲಿ ಇದಕ್ಕೆ ಅವಕಾಶ ಇದೆ. ಸ್ವೀಡನ್ 1999ರಲ್ಲಿ, ನಾರ್ವೆ 2009ರಲ್ಲಿ, ಫ್ರಾನ್ಸ್ 2016ರಲ್ಲಿ ದುಡ್ಡು ಕೊಡುವ ಗಿರಾಕಿಯನ್ನೇ ಅಪರಾಧಿ ಮಾಡಿದವು. ದುಬೈನಲ್ಲಿ ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು. ‘ಫಾರಿನ್’ ಅಂತ ಒಂದೇ ದೇಶ ಎಲ್ಲೂ ಇಲ್ಲ.

ಈಗ ನಿಮ್ಮ ಪ್ರಯಾಣದ ವಿಷಯ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡುವ ವಾರ ಥಾಯ್ ರಾಯಭಾರ ಕಚೇರಿಯ ಪುಟವನ್ನೇ ನೋಡಿ, ಹೋದ ವರ್ಷ ಹೋಗಿಬಂದವರ ಮಾತು ನಂಬಬೇಡಿ. 2025ರ ಮೇ 1ರಿಂದ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವ ಮುಂಚಿನ 3 ದಿನದೊಳಗೆ ತುಂಬುವುದು. ಅದಕ್ಕೆ ಒಂದು ರೂಪಾಯಿಯೂ ಶುಲ್ಕ ಇಲ್ಲ, ದುಡ್ಡು ಕೇಳಿದ ವೆಬ್‌ಸೈಟ್ ಅಸಲಿ ಅಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾಟ್ ದಂಡ, 20,000 ಬಾಟ್‌ವರೆಗೆ. ಇ-ಸಿಗರೇಟ್ ಅಲ್ಲಿ ನಿಷೇಧ, ಜೇಬಿನಲ್ಲೂ ಇಟ್ಟುಕೊಳ್ಳಬೇಡಿ.

ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಗೀರು ಬಿದ್ದಿದೆ ಅಂತ ಜಗಳ ತೆಗೆದರೆ ನಿಮ್ಮ ಜುಟ್ಟು ಅವರ ಕೈಯಲ್ಲಿರುತ್ತದೆ. ಓಡಿಸಲೇಬೇಕು ಅಂದರೆ ಇಲ್ಲಿಯ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಪ್ರಯಾಣದ ವಿಮೆ ಮಾಡಿಸಿ, ಆದರೆ ಕುಡಿದಾಗ ಆದ ಅಪಘಾತಕ್ಕೆ ಸಾಮಾನ್ಯವಾಗಿ ಅದು ದುಡ್ಡು ಕೊಡುವುದಿಲ್ಲ. ವಾಪಸ್ ಬರುವಾಗ ಬೇರೆಯವರ ಬ್ಯಾಗು, ಚಾಕೊಲೇಟ್ ಡಬ್ಬ, ಏನನ್ನೂ ಹಿಡಿದುಕೊಂಡು ಬರಬೇಡಿ. ಬ್ಯಾಂಕಾಕ್‌ನಿಂದ ಬಂದವರ ಲಗೇಜಿನಲ್ಲಿ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ) ಗಾಂಜಾ ಸಿಕ್ಕಿದ ಕೇಸು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಆಗುತ್ತಿವೆ.

ಅಲ್ಲಿ ತೊಂದರೆಯಾದರೆ ಪ್ರವಾಸಿ ಪೊಲೀಸರ ನಂಬರ್ 1155. ಬಂಧನವಾದರೆ ‘ನಮ್ಮ ರಾಯಭಾರ ಕಚೇರಿಗೆ ತಿಳಿಸಿ’ ಅಂತ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ನಿಮಗಿದೆ. ರಾಯಭಾರ ಕಚೇರಿಯವರು ಬಂದು ನೋಡುತ್ತಾರೆ, ವಕೀಲರ ಪಟ್ಟಿ ಕೊಡುತ್ತಾರೆ, ಮನೆಗೆ ತಿಳಿಸುತ್ತಾರೆ. ಬಿಡಿಸಿಕೊಂಡು ಬರುವುದಿಲ್ಲ. ಎಂಎಲ್‌ಎ ಕೈಯಲ್ಲಿ ಫೋನ್ ಮಾಡಿಸಿದರೂ ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಹೋಗಿ ಬಂದು, ಭಯಪಟ್ಟು, ಯಾರಿಗೂ ಹೇಳಲಾಗದೆ ಒದ್ದಾಡುವವರು ಇರುತ್ತಾರೆ. ಅವರಿಗೆ ಬೈಯುವುದಿಲ್ಲ, ಆರೋಗ್ಯದ ಮಾತು ಹೇಳುತ್ತೇನೆ. ಕಾಂಡೋಮ್ ಇಲ್ಲದೆ ಅಥವಾ ಅದು ಹರಿದು ಸಂಪರ್ಕವಾಗಿದ್ದರೆ, ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆ ಇದೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ಬಿಡದೆ ತೆಗೆದುಕೊಳ್ಳಬೇಕು. ಊರಿಗೆ ಬಂದು ನೋಡೋಣ ಅಂತ ಕೂತರೆ ಹೊತ್ತು ಮೀರಿರುತ್ತದೆ, ಅಲ್ಲೇ ಆಸ್ಪತ್ರೆಗೆ ಹೋಗಿ. ಬಂದ ಮೇಲೆ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಪರೀಕ್ಷೆ ಉಚಿತ. ಮರುದಿನವೇ ಮಾಡಿಸಿ ನೆಗೆಟಿವ್ ಬಂತು ಅಂತ ನಿಟ್ಟುಸಿರು ಬಿಡಬೇಡಿ. ಸೋಂಕು ಪರೀಕ್ಷೆಯಲ್ಲಿ ಕಾಣಲು ವಾರಗಳು ಬೇಕು, ಕೌನ್ಸೆಲರ್ ಹೇಳಿದ ದಿನಕ್ಕೆ ಮತ್ತೆ ಹೋಗಿ. ಅಲ್ಲಿಯವರೆಗೆ ಹೆಂಡತಿಯ ಜೀವ ಕೂಡ ನಿಮ್ಮ ಕೈಯಲ್ಲಿದೆ. ಸಿಫಿಲಿಸ್, ಹೆಪಟೈಟಿಸ್ ಬಿ ಕೂಡ ನೋಡಿಸಿ. ನಿಮ್ಮ ಎಚ್‌ಐವಿ ವಿಷಯ ಗುಟ್ಟಾಗಿಡಬೇಕು ಅಂತ 2017ರ ಕಾನೂನೇ ಇದೆ. ಫೋನಿನಲ್ಲೇ ಕೇಳುವುದಾದರೆ 1097, ಉಚಿತ.

ಇಷ್ಟು ಬರೆಯುತ್ತಾ ಬಂದಾಗ ನೀವು ಕೇಳದ ಇನ್ನೊಂದು ವಿಷಯ ಹೇಳದೆ ಇರಲಾಗುತ್ತಿಲ್ಲ. ಪಟ್ಟಾಯಾ ಹೇಗೆ ಹಾಗಾಯಿತು ಅಂತ ಮಾತಾಡುವ ನಾವು, ನಮ್ಮೂರಿಗೂ ಜನ ಪ್ರವಾಸಕ್ಕೆ ಬರುತ್ತಾರೆ ಅನ್ನುವುದನ್ನು ಮರೆಯುತ್ತೇವೆ. ಮೂಡಿಗೆರೆ, ಕಳಸ, ಸಕಲೇಶಪುರದ ಹೋಂಸ್ಟೇ ನಡೆಸುವವರು ವಿದೇಶಿ ಅತಿಥಿಗಳು ಬಂದದ್ದನ್ನು ಸರ್ಕಾರಕ್ಕೆ ತಿಳಿಸುವ, ಜನ ಇನ್ನೂ ಸಿ-ಫಾರಂ ಅನ್ನುವ ಫಾರಂ ತುಂಬಿಸಲು ನನ್ನ ಹತ್ತಿರ ಬರುತ್ತಾರೆ. ಕೆಲಸ ಮುಗಿದ ಮೇಲೆ, ‘ಅತಿಥಿಗಳು ಹೀಗೆ ಹೀಗೆ ವ್ಯವಸ್ಥೆ ಆಗುತ್ತಾ ಅಂತ ಕೇಳ್ತಾರೆ, ಏನು ಹೇಳೋದು?’ ಅನ್ನುತ್ತಾರೆ. ಕೇಳುವವರು ಹೆಚ್ಚಾಗಿ ನಮ್ಮ ದೇಶದವರೇ. ‘ಇಲ್ಲ’ ಅನ್ನಿ, ಅಲ್ಲಿಗೇ ಮುಗಿಸಿ, ಬೇಕಾದರೆ ಬುಕ್ಕಿಂಗ್ ರದ್ದು ಮಾಡಿ. ಈ ದಂಧೆಗೆ ಗೊತ್ತಿದ್ದೂ ಜಾಗ ಕೊಟ್ಟವರು, ಹುಡುಗಿಯರನ್ನು ತಂದುಕೊಟ್ಟವರು 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಲ್ಲಿ ಅಪರಾಧಿಗಳು. ರೂಮ್ ಹುಡುಗ ಮಾಡಿದ, ನನಗೆ ಗೊತ್ತಿಲ್ಲ ಅಂತ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ತೋಟಗಳ ಲೈನ್ ಮನೆಗಳಲ್ಲಿ (ಕೆಲಸಗಾರರ ಸಾಲುಮನೆಗಳಲ್ಲಿ) ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳಿವೆ. ಅವರ ಹೆಣ್ಣುಮಕ್ಕಳಿಗೆ ಇಲ್ಲಿ ಭಾಷೆ ಬರುವುದಿಲ್ಲ, ಗುರುತಿನವರಿಲ್ಲ, ಮೇಸ್ತ್ರಿಯ ಹತ್ತಿರ ಮುಂಗಡದ ಸಾಲ ಇರುತ್ತದೆ. ಆ ಮಕ್ಕಳನ್ನು ಹೋಂಸ್ಟೇ ಕೆಲಸಕ್ಕೆ ರಾತ್ರಿ ಹೊತ್ತು ಕಳಿಸಿಕೊಡಿ ಅಂತ ಯಾರಾದರೂ ಕೇಳಿದರೆ ಕಳಿಸಬೇಡಿ. 18ರ ಒಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾನೂನಿನಲ್ಲಿ ಕಡ್ಡಾಯ, ತಿಳಿಸದಿದ್ದರೆ ಅದೇ ಒಂದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.

ಸಿ-ಫಾರಂ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಶನಿವಾರ ಬಂದವರದನ್ನು ಸೋಮವಾರ ನನ್ನ ಹತ್ತಿರ ತರಬೇಡಿ. ನಮ್ಮ ದೇಶದ ಅತಿಥಿಗಳಾದರೂ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದು, ಸಹಿ ಮಾಡಿಸಿಕೊಂಡ ಮೇಲೆಯೇ ರೂಮಿನ ಕೀ ಕೊಡಿ.