ಮೆಥನಾಲ್ ವಿಷ: ಕುಡಿದ ತಕ್ಷಣ ಯಾಕೆ ಗೊತ್ತಾಗಲ್ಲ?

ಮೆಥನಾಲ್ ಅಂದರೆ ಕಳ್ಳಭಟ್ಟಿಯಲ್ಲಿ ಸೇರಿಕೊಳ್ಳುವ ಕೈಗಾರಿಕಾ ಆಲ್ಕೋಹಾಲ್. ಹೊಟ್ಟೆಗೆ ಹೋದಾಗ ಅದು ನಶೆ ಏರಿಸುತ್ತದೆ, ಅಷ್ಟೇ. ಅದನ್ನು ಘೋರ ವಿಷ ಮಾಡುವುದು ನಮ್ಮದೇ ಲಿವರ್. ಅಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಈ ಆಮ್ಲ ಜೀವಕೋಶಗಳ ಉಸಿರಾಟಕ್ಕೇ ಕೈ ಹಾಕುತ್ತದೆ. ಕಣ್ಣಿನ ನರಕ್ಕೆ ಪೆಟ್ಟು ಜಾಸ್ತಿ.

ಇಷ್ಟೆಲ್ಲ ಆಗಲು ಸಾಮಾನ್ಯವಾಗಿ 12ರಿಂದ 24 ಗಂಟೆ ಬೇಕು, ಜೊತೆಗೆ ಮಾಮೂಲಿ ಮದ್ಯವನ್ನೂ ಕುಡಿದಿದ್ದರೆ ಇನ್ನೂ ತಡ. ರಾತ್ರಿ ಕುಡಿದು ಮಲಗಿದವನು ಮಾರನೇ ದಿನ ತಲೆನೋವು, ವಾಂತಿ ಅಂದರೆ ಮನೆಯವರು ಇನ್ನೂ ಇಳಿದಿಲ್ಲ ಅಂತ ಸುಮ್ಮನಾಗುತ್ತಾರೆ, ಅದರಲ್ಲೂ ದಿನಾ ಕುಡಿಯುವವನಾದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕಣ್ಣು ಮಂಜಾಯಿತು ಅಂದರೆ, ಉಸಿರು ಜೋರಾಗಿ ಆಳವಾಗಿ ಆಡುತ್ತಿದ್ದರೆ, ರಕ್ತದಲ್ಲಿ ಆಮ್ಲ ಏರಿದೆ ಅಂತ ತಕ್ಷಣ ಅನುಮಾನಿಸಿ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಮತ್ತೆ ಅದೇ ಕಥೆ.

ಚಿಕಿತ್ಸೆ ಮೊದಲು ಕೇಳಿದಾಗ ನಗು ಬರುತ್ತದೆ: ಮದ್ಯ, ಅಂದರೆ ಎಥನಾಲ್!  ಅದೇ ಕಿಣ್ವಕ್ಕೆ ಮೆಥನಾಲ್‌ಗಿಂತ ಎಥನಾಲ್ ಮೇಲೆ ಒಲವು ಹೆಚ್ಚು. ಅದರಲ್ಲೇ ಕಿಣ್ವ ಬಿಡುವಿಲ್ಲದೆ ತೊಡಗಿದ್ದರೆ ಮೆಥನಾಲ್ ಆಮ್ಲವಾಗದೆ ಉಸಿರು, ಮೂತ್ರದಲ್ಲಿ ನಿಧಾನವಾಗಿ ಹೊರಹೋಗುತ್ತದೆ. (ಇದು ಆಸ್ಪತ್ರೆಯಲ್ಲಿ ಅಳತೆಯಿಟ್ಟು ಕೊಡುವ ಔಷಧಿ, ಮನೆಯಲ್ಲಿ ಬ್ರಾಂದಿ ಕುಡಿಸುವ ಸಾಹಸ ಬೇಡ.) ಫೋಮೆಪಿಝೋಲ್ ಎಂಬ ಔಷಧಿ ನಶೆ ಏರಿಸದೆ ಅದೇ ಕಿಣ್ವವನ್ನು ತಡೆಯುತ್ತದೆ, ಆದರೆ ದುಬಾರಿ, ನಮ್ಮಲ್ಲಿ ಸಿಗುವುದೂ ಕಷ್ಟ. ರಕ್ತದಲ್ಲಿ ಏರಿದ ಆಮ್ಲ ತಗ್ಗಿಸಲು ಬೈಕಾರ್ಬೋನೇಟ್, ಜೊತೆಗೆ ಫಾರ್ಮಿಕ್ ಆಮ್ಲ ಬೇಗ ಒಡೆಯಲಿ ಅಂತ ಫೋಲಿನಿಕ್ ಆಮ್ಲ (ಒಂದು ಬಗೆಯ ಬಿ ವಿಟಮಿನ್). ಸ್ಥಿತಿ ಕೆಟ್ಟಿದ್ದರೆ, ಕಣ್ಣಿಗೆ ಬಂದಿದ್ದರೆ ಡಯಾಲಿಸಿಸ್. ಅದು ಮೆಥನಾಲ್, ಫಾರ್ಮಿಕ್ ಆಮ್ಲ ಎರಡನ್ನೂ ತೆಗೆಯುತ್ತದೆ. ಬೇರೆ ವಿಷಗಳಿಗೆ ಕೊಡುವ ಇದ್ದಿಲಿನ ಪುಡಿ (ಆಕ್ಟಿವೇಟೆಡ್ ಚಾರ್ಕೋಲ್) ಇಲ್ಲಿ ಕೊಟ್ಟು ಉಪಯೋಗವಿಲ್ಲ, ಆಲ್ಕೋಹಾಲ್‌ಗಳು ಅದಕ್ಕೆ ಅಂಟಿಕೊಳ್ಳುವುದಿಲ್ಲ.

ದಿನಾ ಕುಡಿಯುವ ರೋಗಿ ಎಥನಾಲ್ ನಿಂತ ಎರಡು ಮೂರು ದಿನಕ್ಕೆ ಕೈ ನಡುಗುತ್ತಾ, ಇಲ್ಲದ್ದನ್ನು ನೋಡುತ್ತಾ ಬಡಬಡಿಸತೊಡಗಿದರೆ ವಿಷ ಮತ್ತೆ ಏರಿತು ಅಂತಲೇ ತೀರ್ಮಾನಿಸಬೇಡಿ. ಅದು ಚಟ ಬಿಟ್ಟಾಗಿನ ಡೆಲಿರಿಯಮ್ ಟ್ರೆಮೆನ್ಸ್ ಇರಬಹುದು. ಅದಕ್ಕೆ ಲೋರಾಝೆಪಾಮ್ ಅಥವಾ ಡಯಾಝೆಪಾಮ್‌ನಂಥ ಶಮನಕಾರಿ ಔಷಧಿ. ಇಂಥ ರೋಗಿಗೆ ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡುವುದನ್ನು ಮರೆಯಬೇಡಿ.